ಬಾರ್ಡರ್‌ಲೈನ್ ವ್ಯಕ್ತಿತ್ವ ವಿಕಾರ: ಮನೆಮಂದಿ ಅರಿಯಬೇಕಾದುದು

ಗಡಿ ಎಂದೊಡನೆ ಪುಣೆಯ ಕನ್ನಡಿಗರಾದ ನಮಗೆ ನೆನಪಾಗುವುದು ಬೆಳಗಾವಿ. ‘ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್’ ಎಂಬ ಮನೋವ್ಯಾಧಿಯ ಹೆಸರಿನಲ್ಲಿರುವ ಗಡಿ ಬೇರೆಯದು. ನ್ಯೂರೋಸಿಸ್ ಎಂಬ ಸೌಮ್ಯ ವರ್ಗಕ್ಕಾಗಲಿ ಸೈಕೋಸಿಸ್ ಎಂಬ ತೀವ್ರ ವರ್ಗಕ್ಕಾಗಲಿ ಸರಿಯಾಗಿ ಹೊಂದದ ರೋಗಿಗಳನ್ನು ಅಮೆರಿಕದ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ 1938ರಲ್ಲಿ ಈ ಪದದಿಂದ ಗುರುತಿಸಿದರು. ಆ ವಿಂಗಡಣೆ ಹಳತಾಗಿದೆ, ಹೆಸರು ಮಾತ್ರ ಉಳಿದಿದೆ. ಇದನ್ನು ‘ಅರೆಹುಚ್ಚು’ ಎಂದು ಅರ್ಥೈಸುವುದು ಸಲ್ಲದು.

ಭಾವನೆಗಳ ತೀವ್ರತೆ ಹಿಡಿತಕ್ಕೆ ಸಿಗದಿರುವುದೇ ಈ ವ್ಯಾಧಿಯ ತಿರುಳು. ಆಪ್ತರು ತೊರೆದುಹೋಗುವರೆಂಬ ಭಯ, ಇಂದು ದೇವರೆನಿಸಿದವರು ನಾಳೆ ಶತ್ರುವೆನಿಸುವುದು, ಒಳಗೆಲ್ಲ ಬರಿದೆಂಬ ಭಾವ, ದುಡುಕು, ಅತಿಯಾದ ಕೋಪ, ತಮ್ಮ ದೇಹವನ್ನು ತಾವೇ ಗಾಯಗೊಳಿಸಿಕೊಳ್ಳುವುದು ಇದರ ಲಕ್ಷಣಗಳಲ್ಲಿ ಕೆಲವು. ಅಮೆರಿಕದ ಡಿ.ಎಸ್.ಎಂ. ಕೈಪಿಡಿ ಹೇಳುವ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು ಇರಬೇಕು. ಅವು ಹರೆಯದಿಂದ ಬೇರೂರಿ ಬಾಳಿನ ಹಲವು ಸಂದರ್ಭಗಳಲ್ಲಿ ಕಾಣಬೇಕು. ಬೈಪೋಲಾರ್ ಕಾಯಿಲೆಯೊಡನೆ ಇದನ್ನು ಬೆರೆಸುವವರುಂಟು. ಅಲ್ಲಿ ಏರಿಳಿತ ದಿನಗಳು, ವಾರಗಳು ನಡೆಯುತ್ತದೆ; ಇಲ್ಲಿ ಗಂಟೆಗಳಲ್ಲಿ ಬದಲಾಗುತ್ತದೆ, ಅದೂ ಬಹುತೇಕ ಒಂದು ಮಾತು, ಒಂದು ಮುನಿಸಿನಿಂದ.

ಮನೆಗಳಲ್ಲಿ ಇದಕ್ಕೆ ದೊರೆಯುವ ಹೆಸರು ‘ನಾಟಕ’. ಈ ಪದವನ್ನು ನಾವು ಒಪ್ಪಲಾರೆವು. ಈ ವ್ಯಾಧಿಯುಳ್ಳವರಲ್ಲಿ ಆತ್ಮಹತ್ಯೆಯ ಅಪಾಯ ಸಾಮಾನ್ಯರಿಗಿಂತ ಬಹಳ ಹೆಚ್ಚು. ‘ಸಾಯುತ್ತೇನೆ’ ಎಂಬ ಮಾತು ಹತ್ತನೆಯ ಸಲ ಕೇಳಿಬಂದರೂ ಮೊದಲ ಸಲದಂತೆಯೇ ಕಿವಿಗೊಡಬೇಕು.

ಈ ವ್ಯಾಧಿಯನ್ನೇ ಗುಣಪಡಿಸುವ ಮಾತ್ರೆಯಿಲ್ಲ. ಮುಖ್ಯ ಚಿಕಿತ್ಸೆ ಮಾತಿನದು. ಮಾರ್ಷಾ ಲೈನ್‌ಹಾನ್ ರೂಪಿಸಿದ ‘ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ’ ಭಾವಾವೇಗವನ್ನು ತಾಳಿಕೊಳ್ಳುವ ಕೌಶಲಗಳನ್ನು ಕಲಿಸುತ್ತದೆ. ತಾರುಣ್ಯದಲ್ಲಿ ತಾವೂ ಇಂಥದೇ ಯಾತನೆಯಿಂದ ಆಸ್ಪತ್ರೆಯಲ್ಲಿದ್ದುದನ್ನು ಆಕೆ 2011ರಲ್ಲಿ ಬಹಿರಂಗಪಡಿಸಿದರು. ವರ್ಷಗಳುರುಳಿದಂತೆ ಬಹುಮಂದಿಯಲ್ಲಿ ಲಕ್ಷಣಗಳು ತಗ್ಗುತ್ತವೆ ಎಂಬುದು ದೀರ್ಘಕಾಲದ ಅಧ್ಯಯನಗಳಿಂದ ತಿಳಿದಿದೆ.

ಮನೋವೈದ್ಯರೆಂದರೆ ಯರವಡಾ ಆಸ್ಪತ್ರೆಯೇ ಎಂದು ಬೆಚ್ಚುವ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಈ ಚಿಕಿತ್ಸೆ ಬಹುತೇಕ ಮನೆಯಲ್ಲಿದ್ದುಕೊಂಡೇ, ವಾರಕ್ಕೊಮ್ಮೆ ಹೋಗಿಬಂದು ನಡೆಯುವಂಥದು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಚಿಕಿತ್ಸಕರೊಡನೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಮನಬಿಚ್ಚಬಲ್ಲರು. ತಾಯಿತಂದೆಯರ ಅಳಲು ಮಾತ್ರ ಕನ್ನಡದಲ್ಲೇ ಹೊರಬರುತ್ತದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416 ಹಗಲಿರುಳೂ ತೆರೆದಿರುತ್ತದೆ. ಅಲ್ಲಿ ಆರಿಸಿಕೊಳ್ಳಬಹುದಾದ ಭಾಷೆಗಳಲ್ಲಿ ಕನ್ನಡವೂ ಒಂದು. ಕರೆಯನ್ನು ರೋಗಿಯೇ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.