ಮನೆಮಾತು

‘ಮನೆಮಾತು’ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಬಾಳು. ಹೊಸಿಲೊಳಗೆ ಆಡುವ ಭಾಷೆ ಒಂದು. ಹೊಸಿಲು ದಾಟಿ ಎಲ್ಲರ ಬಾಯಿಗೂ ಬಂದ ಹೆಸರು ಇನ್ನೊಂದು: ‘ಅವರ ಹಾಡು ನಾಡಿಗೆಲ್ಲ ಮನೆಮಾತಾಯಿತು’ ಎನ್ನುತ್ತೇವಲ್ಲ, ಅದು.

ಈ ಎರಡೂ ಅರ್ಥ ಒಬ್ಬರಲ್ಲೇ ಕೂಡಿದ್ದನ್ನು ಶಿವಮೊಗ್ಗ ಕಂಡಿದೆ. ಕೆ.ಎಸ್. ನಿಸಾರ್ ಅಹಮದ್ ಇಲ್ಲಿನ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದವರು. ಅವರ ಮನೆಮಾತು ಉರ್ದು. ಅವರ ‘ನಿತ್ಯೋತ್ಸವ’ ಕನ್ನಡಿಗರ ಮನೆಮಾತು. 2006ರಲ್ಲಿ 73ನೆಯ ಕನ್ನಡ ಸಾಹಿತ್ಯ ಸಮ್ಮೇಳನ ಈ ಊರಿನಲ್ಲೇ ನೆರೆದಾಗ ಅಧ್ಯಕ್ಷರೂ ಅವರೇ. ಮನೆಯೊಳಗೆ ಯಾವ ನುಡಿ ಎಂದು ಕೇಳಿ ಆಮೇಲೆ ಚಪ್ಪಾಳೆ ತಟ್ಟಿದವರು ಯಾರೂ ಇರಲಿಲ್ಲ.

ಭದ್ರಾವತಿಯಲ್ಲಂತೂ ಅದು ಪರಿಚಯದ ಮೊದಲ ಪ್ರಶ್ನೆ: ‘ಮನೇಲಿ ಏನ್ ಮಾತಾಡ್ತೀರಿ?’ ಹಿಂದೆ ಬೆಂಕಿಪುರ ಎನ್ನಿಸಿಕೊಳ್ಳುತ್ತಿದ್ದ ಆ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿತು. ಮುಂದಿನ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ತಮಿಳು, ತೆಲುಗು, ಮಲಯಾಳಂ, ಉರ್ದು ಆಡುವ ಸಂಸಾರಗಳು ಕೂಲಿ ಅರಸಿ ಬಂದು ನ್ಯೂಟೌನ್, ಪೇಪರ್‌ಟೌನ್‌ಗಳಲ್ಲಿ ಕನ್ನಡದ ಮನೆಗಳ ಪಕ್ಕ ನೆಲೆಯೂರಿದವು. ಪಾಳಿ ಮುಗಿಸಿ ಬಂದವರು ಒಳಗೆ ತಮ್ಮದನ್ನು ಆಡಿದರು, ಗೇಟಿನ ಹೊರಗೆ ಕನ್ನಡ ಆಡಿದರು. ಕಬ್ಬಿಣದ ಕಾರ್ಖಾನೆಯ ಹಿಂದಿನ ಶಕ್ತಿಯಾಗಿದ್ದ ವಿಶ್ವೇಶ್ವರಯ್ಯನವರ ಮನೆತನದ ಮಾತೂ ತೆಲುಗೇ. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ, ಅವರು ದಿವಾನರಾಗಿದ್ದಾಗ.

ಕೇಳುವ ದನಿ ಬದಲಾದರೆ ಇದೇ ಪ್ರಶ್ನೆ ಹೆದರಿಸುತ್ತದೆ. 1991ರ ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನ ತಮಿಳರ ಮನೆಗಳ ಮೇಲೆ ದಾಳಿಯಾದಾಗ, ಮನೆಮಾತೇ ದಾಳಿಕೋರರಿಗೆ ವಿಳಾಸವಾಯಿತು. ಅದನ್ನು ನಾಡಪ್ರೇಮ ಎಂದು ಕರೆದವರನ್ನು ನಾನು ಒಪ್ಪಲಾರೆ. ಒಲೆಯ ಮುಂದೆ ತಾಯಿ ಯಾವ ನುಡಿಯಲ್ಲಿ ಕರೆಯುತ್ತಾಳೆ ಎಂಬುದರಿಂದ ಕನ್ನಡಕ್ಕೆ ಎಂದೂ ನಷ್ಟವಾಗಿಲ್ಲ.

ಹೆಮ್ಮೆಯ ಭಾಷೆಯೊಂದು ಎದುರು ನಿಂತರೆ ಚಿಕ್ಕ ಮನೆಮಾತು ಮರೆಯಾಗುವುದೂ ಉಂಟು. ಶಿವಮೊಗ್ಗಕ್ಕೆ ಹತ್ತಿರದ ಮತ್ತೂರನ್ನು ಸಂಸ್ಕೃತದ ಊರೆಂದು ನೋಡಲು ದೂರದೂರದವರು ಬರುತ್ತಾರೆ. ತುಂಗೆಯ ದಂಡೆಯ ಆ ಊರಿನಲ್ಲಿ ತಮಿಳು ಮಲಯಾಳಂಗಳ ನಂಟಿರುವ, ಸ್ವಂತ ಲಿಪಿಯಿಲ್ಲದ ಸಂಕೇತಿಯೂ ಇದೆ. ಬಂದವರ ಕ್ಯಾಮೆರಾ ಅದನ್ನು ಹುಡುಕುವುದು ಅಪರೂಪ.

ಗಡಿಯಾಚೆ ನಮ್ಮ ಪಾತ್ರವೇ ತಿರುಗುಮುರುಗು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿ ಕನ್ನಡ ಅಲ್ಪಸಂಖ್ಯಾತರ ಮನೆಮಾತಾಯಿತು. ಕನ್ನಡ ಬಾರದ ಮೇಷ್ಟ್ರು ಅಲ್ಲಿನ ಕನ್ನಡ ಶಾಲೆಗೆ ಬಂದರೆ ಇಲ್ಲಿ ನಮಗೆ ಸಿಟ್ಟು ಬರುತ್ತದೆ. ಬರಲೇಬೇಕು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಮಾಡಿಕೊಡಿ ಎಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಆ ವಿಧಿ ಕಾಸರಗೋಡಿನ ಕನ್ನಡದ ಮಗುವಿಗೆ ಎಷ್ಟು ಸೇರಿದ್ದೋ ಭದ್ರಾವತಿಯ ತಮಿಳು ಮಗುವಿಗೂ ಶಿವಮೊಗ್ಗದ ಉರ್ದು ಮಗುವಿಗೂ ಅಷ್ಟೇ ಸೇರಿದ್ದು.

ಇನ್ನು ಲಂಬಾಣಿ ತಾಂಡಾಗಳ ಮಾತು. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇಲ್ಲಿಂದ ದೂರವಿಲ್ಲ. ಜಿಲ್ಲೆಯ ಲಂಬಾಣಿ ಮನೆಗಳಲ್ಲಿ ಗೋರ್‌ಬೋಲಿ ಇಂದಿಗೂ ಉಸಿರಾಡುತ್ತಿದೆ. ಜನಗಣತಿಯ ಲೆಕ್ಕದಲ್ಲಿ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಆ ಮನೆಯಲ್ಲಿ ಆಡುತ್ತಿದ್ದ ಭಾಷೆ. ಗಣತಿಯೂ ಕೊನೆಗೆ ಮನೆಮಾತಿನ ಬಾಗಿಲಿಗೇ ಬರುತ್ತದೆ. ಆದರೆ 2011ರಲ್ಲಿ ಲಂಬಾಣಿ ಎಂದು ಬರೆಸಿದ 32 ಲಕ್ಷಕ್ಕೂ ಹೆಚ್ಚು ಜನರನ್ನು ಭಾಷಾ ಪಟ್ಟಿ ಹಿಂದಿಯ ಮೊತ್ತದೊಳಗೆ ಸೇರಿಸಿತು. ತಾಯಿ ಆಡಿದ್ದು ಒಂದು, ದೇಶ ಕೂಡಿಸಿಕೊಂಡದ್ದು ಇನ್ನೊಂದು. ಹಿಂದಿಯ ಬಲ ತೋರಿಸುವ ಅಂಕಿಯಲ್ಲಿ ನಮ್ಮ ನೆರೆಮನೆಯ ನುಡಿಯೂ ಹೀಗೆ ಕರಗಿದೆ.

2027ರ ಗಣತಿ ಮುಂದಿದೆ. ಹಿಂದಿ ಹೇರಿಕೆಯ ವಿರುದ್ಧ ಶಿವಮೊಗ್ಗದ ಗೋಪಿ ವೃತ್ತದಲ್ಲಿ ಧಿಕ್ಕಾರ ಕೂಗುವಾಗ ಕನ್ನಡಿಗರ ಬೇಡಿಕೆ ಪಟ್ಟಿಗೆ ಇದೂ ಸೇರಬೇಕು: ಲಂಬಾಣಿಯನ್ನು ಹಿಂದಿಯಿಂದ ಬಿಡಿಸಿ, ಅದರ ಹೆಸರಿನಲ್ಲೇ ಎಣಿಸಿ.