ಒಂದೇ ವರ್ಷಕ್ಕೆ ಹಲವು ಗಣನೆ: ನ್ಯಾಮತಿ ಸೀಮೆಯ ಶಾಸನಗಳ ಕಾಲನಿರ್ದೇಶ

ನ್ಯಾಮತಿ ತಾಲ್ಲೂಕಿನ ಪ್ರದೇಶವು ಹಿಂದೆ ಹೊನ್ನಾಳಿ ತಾಲ್ಲೂಕಿಗೂ, 1997ರವರೆಗೆ ಶಿವಮೊಗ್ಗ ಜಿಲ್ಲೆಗೂ ಸೇರಿದ್ದುದರಿಂದ, ಇಲ್ಲಿನ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದ ಹೊನ್ನಾಳಿ ಭಾಗದಲ್ಲಿ ನೋಡಬೇಕಾಗುತ್ತದೆ. ಇಲ್ಲಿನ ಬೆಳಗುತ್ತಿಯಿಂದ ಆಳಿದ ಸಿಂದರು ಕಲ್ಯಾಣದ ಚಾಲುಕ್ಯರಿಗೂ ಅನಂತರದ ಅರಸುಮನೆತನಗಳಿಗೂ ಅಧೀನರಾಗಿದ್ದರು. ಸಾರ್ವಭೌಮರು ಬದಲಾದಂತೆ ಶಾಸನಗಳ ವರ್ಷಗಣನೆಯೂ ಬದಲಾಗುತ್ತಿತ್ತು.

ಕರ್ನಾಟಕದ ಶಾಸನಗಳಲ್ಲಿ ಬಹುಕಾಲ ರೂಢಿಯಲ್ಲಿದ್ದುದು ಕ್ರಿ.ಶ. 78ರಿಂದ ಎಣಿಸುವ ಶಕವರ್ಷ. ಒಂದನೆಯ ಪುಲಕೇಶಿಯ ಬಾದಾಮಿ ಬಂಡೆಶಾಸನದಲ್ಲಿ ಶಕ 465, ಅಂದರೆ ಕ್ರಿ.ಶ. 543, ನಮೂದಾಗಿದೆ. ಶಾಸನಗಳಲ್ಲಿ ಶಕವರ್ಷದೊಡನೆ ಸಾಮಾನ್ಯವಾಗಿ ಪ್ರಭವದಿಂದ ಕ್ಷಯದವರೆಗಿನ 60 ಸಂವತ್ಸರಗಳಲ್ಲಿ ಒಂದರ ಹೆಸರು ಬರುತ್ತದೆ. ಗತಶಕ, ಅಂದರೆ ಪೂರ್ಣವಾಗಿ ಸಂದುಹೋದ ಶಕವರ್ಷಗಳ ಸಂಖ್ಯೆಗೆ 12 ಕೂಡಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷವು ದಕ್ಷಿಣದ ಪದ್ಧತಿಯಲ್ಲಿ ಸಂವತ್ಸರದ ಕ್ರಮಾಂಕವಾಗುತ್ತದೆ. ಗುರುಗ್ರಹದ ಗತಿಯನ್ನು ಅನುಸರಿಸುವ ಉತ್ತರದ ಪದ್ಧತಿಯಲ್ಲಿ ಸುಮಾರು 85 ವರ್ಷಗಳಿಗೊಮ್ಮೆ ಒಂದು ಹೆಸರನ್ನು ಬಿಟ್ಟುಬಿಡುವುದರಿಂದ, ಅಲ್ಲಿ ಅದೇ ವರ್ಷಕ್ಕೆ ಬೇರೆ ಹೆಸರು ಬರುತ್ತದೆ.

ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟಕ್ಕೆ ಬಂದು ಶಕಗಣನೆಯ ಬದಲು ಚಾಲುಕ್ಯ ವಿಕ್ರಮ ವರ್ಷವನ್ನು ಆರಂಭಿಸಿದನು. ಅದರ ಮೊದಲನೆಯ ವರ್ಷವೇ ಗತಶಕ 998, ಗತಕಲಿ (ಸಂದುಹೋದ ಕಲಿಯುಗದ ವರ್ಷ) 4177, ಉತ್ತರದ ಚೈತ್ರಾದಿ ವಿಕ್ರಮ ಸಂವತ್ 1133. ದಕ್ಷಿಣದಲ್ಲಿ ಅದು ನಳ ಸಂವತ್ಸರ, ಹಿಜರಿಯಲ್ಲಿ 468ರ ಕೊನೆಯ ಭಾಗದಿಂದ 469ರವರೆಗಿನ ಕಾಲ. ಹೀಗಾಗಿ ಚಾಲುಕ್ಯ ವಿಕ್ರಮ 37ನೆಯ ನಂದನ ಸಂವತ್ಸರವೆಂದರೆ ಗತಶಕ 1034, ಕ್ರಿ.ಶ. 1112-13.

ಸಂವತ್ಸರದ ಹೆಸರು 60 ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ ಅದೊಂದರಿಂದಲೇ ಕಾಲವನ್ನು ನಿರ್ಣಯಿಸಲಾಗದು. ಶಕಸಂಖ್ಯೆಯೊಂದೇ ಇದ್ದರೂ ಅದು ಸಂದುಹೋದ ವರ್ಷವೋ ನಡೆಯುತ್ತಿರುವ ವರ್ಷವೋ ಎಂಬ ಸಂದೇಹದಿಂದ ಒಂದು ವರ್ಷದ ವ್ಯತ್ಯಾಸ ಉಂಟಾಗಬಹುದು. ಹೆಸರು, ಸಂಖ್ಯೆ, ಮಾಸ, ತಿಥಿ, ವಾರಗಳನ್ನು ಒಟ್ಟಿಗೆ ಕೊರೆಯಿಸಿದ ಶಾಸನಕಾರರ ಪದ್ಧತಿಯಿಂದಾಗಿ ಒಂದು ಅಂಶವನ್ನು ಇನ್ನೊಂದರಿಂದ ಪರೀಕ್ಷಿಸುವುದು ಸಾಧ್ಯವಾಗಿದೆ. ಒಂದು ಅಂಕಿ ಸವೆದುಹೋದರೂ ಸಂವತ್ಸರದ ಹೆಸರು ಅದನ್ನು ತುಂಬಿಕೊಡಬಲ್ಲದು. ಆದುದರಿಂದ ಶಾಸನವನ್ನು ಪ್ರಕಟಿಸುವಾಗಲೂ ಗ್ರಾಮಚರಿತ್ರೆಯನ್ನು ಬರೆಯುವಾಗಲೂ ಕ್ರಿಸ್ತವರ್ಷವನ್ನಷ್ಟೇ ಉಳಿಸಿಕೊಳ್ಳದೆ ಮೂಲದ ಎಲ್ಲ ಕಾಲಸೂಚನೆಗಳನ್ನೂ ಕೊಡಬೇಕು. ಅವುಗಳನ್ನು ಬಿಟ್ಟರೆ ಲೆಕ್ಕವನ್ನು ಮತ್ತೆ ಪರೀಕ್ಷಿಸುವ ಆಧಾರವೇ ಮುಂದಿನ ಓದುಗರಿಗೆ ಇಲ್ಲವಾಗುತ್ತದೆ.