ಒಂದು ಕೌದಿ, ನಾಲ್ಕು ತಲೆ

1884ರ ಜನವರಿ 13ರಂದು ಬೆಂಗಳೂರಿನಲ್ಲಿ ಪಾದರಸ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಹವಾಮಾನ ಇಲಾಖೆಯ ದಾಖಲೆಯಲ್ಲಿ ಊರಿನ ಅತಿ ಚಳಿಯ ದಿನವೆಂದು ಈಗಲೂ ಹೆಸರಾಗಿರುವುದು ಅದೇ. ಸಂಕ್ರಾಂತಿಯ ಆಸುಪಾಸು. ಆ ಬೆಳಗ್ಗೆ ಪೇಟೆಯ ಯಾವುದಾದರೂ ಮನೆಯಲ್ಲಿ ಎರಡು ವರ್ಷದ ಕೂಸೊಂದು ಎದ್ದು ಕೂತಿದ್ದರೆ ಅದಕ್ಕೆ ಬೆಚ್ಚಗಿನ ಕೋಣೆ ಅಂತೇನೂ ಇರುತ್ತಿರಲಿಲ್ಲ. ಇದ್ದದ್ದು ಬೆಚ್ಚಗಿನ ನೀರು, ಕಿವಿ ಮುಚ್ಚುವ ಬಟ್ಟೆ, ಅಜ್ಜಿಯ ಮಡಿಲು.

ಕನ್ನಡ ನಾಡಿನ ಹಳೆಯ ಮನೆಗಳನ್ನು ಕಟ್ಟಿದವರ ಲೆಕ್ಕದಲ್ಲಿ ಚಳಿ ಇರಲೇ ಇಲ್ಲವೇನೋ ಅನಿಸುತ್ತದೆ. ಅವರು ಹೆದರಿದ್ದು ಬಿಸಿಲಿಗೆ ಮತ್ತು ಮಳೆಗೆ. ಹಳೆ ಮೈಸೂರಿನ ತೊಟ್ಟಿ ಮನೆಯ ನಡುಮಧ್ಯೆ ಆಕಾಶಕ್ಕೆ ತೆರೆದ ಅಂಗಳ. ಧನುರ್ಮಾಸದ ಇಬ್ಬನಿ ಹೇಳದೆ ಕೇಳದೆ ಒಳಗೇ ಇಳಿಯುತ್ತಿತ್ತು. ಬಯಲುಸೀಮೆಯ ಮಾಳಿಗೆ ಮನೆಗೆ ಮೊಳಗಟ್ಟಲೆ ದಪ್ಪದ ಮಣ್ಣಿನ ಗೋಡೆಯಿತ್ತು ನಿಜ, ಆದರೆ ಅದು ಮುಖ್ಯವಾಗಿ ಏಪ್ರಿಲ್ ತಿಂಗಳಿಗೆ ಕಟ್ಟಿದ ಗೋಡೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದ ದೊರೆಗಳು ತಮ್ಮ ಬಂಗಲೆಗಳಲ್ಲಿ ಫೈರ್‌ಪ್ಲೇಸ್ ಕಟ್ಟಿಸಿಕೊಂಡು ಹೊಗೆಯನ್ನು ಚಿಮಣಿಗೆ ಏರಿಸಿದರು. ಅದೇ ತೋಟದ ಕೂಲಿ ಲೈನುಗಳಲ್ಲಿ ಹೊಗೆಯೂ ಮಕ್ಕಳೂ ಒಂದೇ ಕೋಣೆಯಲ್ಲಿದ್ದರು.

ಹೀಗಾಗಿ ಇಲ್ಲಿನ ಚಳಿಗಾಲದ ಚರಿತ್ರೆಯನ್ನು ಗೋಡೆಗಳಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಅದು ಹಂಡೆಯಲ್ಲಿದೆ, ಬಟ್ಟೆಯಲ್ಲಿದೆ, ತಿಂಡಿಯಲ್ಲಿದೆ. ಮನೆಯನ್ನು ಬಿಸಿ ಮಾಡುವ ಗೋಜಿಗೆ ಯಾರೂ ಹೋಗಲಿಲ್ಲ. ಮನೆಯಲ್ಲಿ ಅತಿ ಚಿಕ್ಕದಾದ ಮೈ ಯಾವುದೋ ಅದನ್ನು ಬೆಚ್ಚಗಿಟ್ಟರು. ಆ ಕೆಲಸವನ್ನು ಮಾಡಿದವರು ಬಹುಪಾಲು ಹೆಂಗಸರು, ಅದೂ ಚಳಿ ಬರುವ ತಿಂಗಳುಗಟ್ಟಲೆ ಮೊದಲೇ.

ಬಚ್ಚಲಿನಿಂದ ಶುರುಮಾಡಬಹುದು. ಮನೆಯಲ್ಲಿ ಅಡುಗೆ ಒಲೆಗಿಂತ ಮೊದಲು ಹೊತ್ತುತ್ತಿದ್ದುದು ಹಂಡೆ ಒಲೆ. ತೆಂಗಿನ ಸೀಮೆಯಲ್ಲಿ ಗರಿ, ಮಟ್ಟೆ. ಮಲೆನಾಡಿನಲ್ಲಿ ಅಡಿಕೆ ಸಿಪ್ಪೆ, ಸೋಗೆ. ಬಯಲುಸೀಮೆಯಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು. ಯಾವ ಊರಿನಲ್ಲಿ ಏನು ಬೆಳೆಯುತ್ತಾರೆ ಅನ್ನುವುದನ್ನು ಬಚ್ಚಲ ಹೊಗೆಯ ವಾಸನೆಯಿಂದಲೇ ಹೇಳಬಹುದಿತ್ತು. ಮಕ್ಕಳಿಗೆ ಹಂಡೆ ಒಲೆಯ ಬಾಯಿಯೇ ಚಳಿಗಾಲದ ಪಡಸಾಲೆ. ಹಲ್ಲುಜ್ಜುವ ನೆಪದಲ್ಲಿ ಅಲ್ಲಿ ಕೂತವರನ್ನು ಎಬ್ಬಿಸಲು ಎರಡು ಬೈಗುಳವಾದರೂ ಬೇಕಿತ್ತು.

ಪೇಟೆಗಳಲ್ಲಿ ಸೌದೆ ದುಬಾರಿಯಾದಾಗ ಬಂದದ್ದು ಹೊಟ್ಟಿನ ಒಲೆ. ಸಾಮಿಲ್ಲಿನಿಂದ ಮೂಟೆಗಟ್ಟಲೆ ಮರದ ಹೊಟ್ಟು ಅಗ್ಗಕ್ಕೆ ಸಿಗುತ್ತಿತ್ತು. ಈ ಒಲೆ ತುಂಬುವುದೂ ಒಂದು ಕಸುಬೇ. ತಗಡಿನ ಒಲೆಯ ನಡುವೆ ಒಂದು ಕೋಲು ನೆಟ್ಟಗೆ ನಿಲ್ಲಿಸಬೇಕು, ಕೆಳಗಿನ ಕಿಂಡಿಯಿಂದ ಇನ್ನೊಂದು ಕೋಲನ್ನು ಅಡ್ಡಲಾಗಿ ತೂರಿಸಿ ಅದಕ್ಕೆ ಮುಟ್ಟಿಸಬೇಕು. ಸುತ್ತಲೂ ಹೊಟ್ಟು ಸುರಿದು ಮುಷ್ಟಿಯಿಂದ ಗುದ್ದಿ ಗುದ್ದಿ ಗಟ್ಟಿ ಮಾಡಿ, ಆಮೇಲೆ ಉಸಿರು ಬಿಗಿಹಿಡಿದು ಎರಡೂ ಕೋಲನ್ನು ತಿರುಗಿಸುತ್ತಾ ಹೊರಗೆಳೆಯಬೇಕು. ಒಳಗೆ ಉಳಿಯುವ ಕೊಳವೆಯಲ್ಲಿ ಬೆಂಕಿ ಸದ್ದಿಲ್ಲದೆ ಗಂಟೆಗಟ್ಟಲೆ ಉರಿಯುತ್ತದೆ. ಕೋಲು ಸ್ವಲ್ಪ ವಾರೆಯಾಗಿ ಬಂತೋ, ಹೊಟ್ಟು ಕುಸಿಯಿತು. ಬೆಂಕಿಯ ಬದಲು ಹೊಗೆ, ಇಡೀ ಮನೆಗೆ ತಣ್ಣೀರು. ರಾತ್ರಿ ಮಲಗುವ ಮುಂಚೆ ಒಲೆ ತುಂಬಿಡುವ ಕೆಲಸವನ್ನು ದೊಡ್ಡ ಹುಡುಗರಿಗೆ ವಹಿಸುತ್ತಿದ್ದ ಮನೆಗಳಲ್ಲಿ ಬೆಳಗಿನ ಜಗಳಕ್ಕೆ ಬೇರೆ ಕಾರಣವೇ ಬೇಕಿರಲಿಲ್ಲ.

ಎಣ್ಣೆಯದು ಇನ್ನೊಂದು ಪಾಡು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಗ್ಗೆ ಶೀಶೆಯನ್ನು ಬೋರಲು ಹಾಕಿದರೂ ತೊಟ್ಟು ಎಣ್ಣೆ ಬೀಳದು. ಥರ್ಮಾಮೀಟರಿಲ್ಲದ ಮನೆಗಳಲ್ಲಿ ಚಳಿಯನ್ನು ಅಳೆದದ್ದು ಈ ಶೀಶೆಯೇ. ಅದನ್ನು ಹಂಡೆ ಒಲೆಯ ಕಟ್ಟೆಯ ಮೇಲಿಟ್ಟು ಕರಗಿಸಿಕೊಳ್ಳುವುದು ರೂಢಿ. ಹರಳೆಣ್ಣೆಗೆ ಈ ತೊಂದರೆಯಿಲ್ಲ, ಕೂಸಿನ ನೆತ್ತಿಗೆ ಅದೇ. ಕಾಲು ನೀಡಿ ಕೂತ ಅಜ್ಜಿಯೋ ನೀರು ಹಾಕುವ ಹೆಂಗಸೋ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಕೈಕಾಲು ನೀವಿ, ಕಡಲೆಹಿಟ್ಟು ಹಚ್ಚಿ, ಮೈ ಕೆಂಪಾಗುವಷ್ಟು ಬಿಸಿನೀರು ಎರೆದು ಒರೆಸಿ, ಸಾಂಬ್ರಾಣಿ ಹೊಗೆಗೆ ಹಿಡಿದು ಬಟ್ಟೆ ಸುತ್ತಿ ಮಲಗಿಸಿದರೆ ಕೂಸು ಮೂರು ತಾಸು ಮಿಸುಕಾಡುತ್ತಿರಲಿಲ್ಲ. ಉತ್ತರ ಕರ್ನಾಟಕದಲ್ಲಿ ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ, ಸಾಂಬ್ರಾಣಿಯ ಜಾಗದಲ್ಲಿ ಲೋಬಾನ.

ಇದನ್ನೆಲ್ಲ ಬರೀ ಹಂಬಲದಿಂದ ನೆನೆಯುವುದೂ ಸರಿಯಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಮತ್ತು ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮೂಗಿಗೆ, ಬಾಯಿಗೆ ಎಣ್ಣೆ ಬಿಡುವ ಪದ್ಧತಿಯಿಂದ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದ ಪ್ರಕರಣಗಳನ್ನು ಮಕ್ಕಳ ವೈದ್ಯರು ದಾಖಲಿಸಿದ್ದಾರೆ. ಅಜ್ಜಿಯ ಕೈಗುಣ ದೊಡ್ಡದು, ಆದರೆ ಎಲ್ಲ ಕೂಸುಗಳೂ ಅದನ್ನು ದಾಟಿ ಬರಲಿಲ್ಲ.

ಇನ್ನು ಬಟ್ಟೆ. ಕಂಬಳಿಯ ವಿಷಯಕ್ಕೆ ಬಂದರೆ ಹಳೆಯ ಸಾಕ್ಷಿಗಳಲ್ಲಿ ಒಬ್ಬ ಫ್ರಾನ್ಸಿಸ್ ಬುಕನನ್. ಟಿಪ್ಪು ಮಡಿದ ಮಾರನೇ ವರ್ಷ, 1800ರಲ್ಲಿ, ಮದ್ರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಈ ವೈದ್ಯ ಕಂಡಕಂಡದ್ದನ್ನೆಲ್ಲ ಬರೆದಿಟ್ಟ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಕುರುಬರ ಕುರಿ, ಉಣ್ಣೆ, ಕಂಬಳಿಯ ಕಥೆಯೂ ಇದೆ. ಕಸುಬಿನ ಕ್ರಮ ಅಲ್ಲಿಂದೀಚೆಗೆ ಹೆಚ್ಚೇನೂ ಬದಲಾಗಲಿಲ್ಲ. ವರ್ಷಕ್ಕೆರಡು ಸಲ ಕುರಿಯ ಉಣ್ಣೆ ಕತ್ತರಿಸುವುದು, ಹೆಂಗಸರು ರಾಟೆಯಲ್ಲಿ ನೂಲುವುದು, ಹುಣಸೆ ಬೀಜದ ಗಂಜಿ ತಿಕ್ಕಿ ಹಾಸನ್ನು ಬಿರುಸು ಮಾಡುವುದು, ಗಂಡಸರು ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುವುದು. ಚಳ್ಳಕೆರೆ ಇಂದಿಗೂ ಕಂಬಳಿಗೆ ಹೆಸರಾದ ಊರು. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಪೂಜೆಗೆ ಗದ್ದುಗೆ, ಧಾನ್ಯ ಒಣಹಾಕಲು ಹಾಸು. ಕುರುಬರ ಮನೆಯ ಕಂಬಳಿಗೆ ಬಿಡುವೇ ಇರಲಿಲ್ಲ. ಆದರೆ ಅದು ಕೂಸಿನ ಮೈಗೆ ಚುಚ್ಚುತ್ತದೆ. ಆದ್ದರಿಂದ ಒಳಗೆ ಅಮ್ಮನ ಹಳೆ ಸೀರೆ, ಅದರ ಮೇಲೆ ಕಂಬಳಿ.

ಬೆಂಗಳೂರು ನಡುಗಿದ ಅದೇ 1884ರಲ್ಲಿ, ಮುಂದೆ ಬಿನ್ನಿ ಕಂಪನಿಯ ಕೈ ಸೇರಿದ ಬೆಂಗಳೂರು ಉಲ್ಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಹುಟ್ಟಿದ್ದು ಬರೀ ಕಾಕತಾಳೀಯ. ಗಿರಣಿಯ ನುಣುಪಾದ ರಗ್ಗು ಪೇಟೆಯ ಮನೆಗಳಿಗೆ ಬಂದ ಮೇಲೆ ಕರಿಕಂಬಳಿ ಹಳ್ಳಿಯ ಗುರುತಾಯಿತು.

ಮಗುವಿನ ತಲೆಯ ಮೇಲಿನ ಬಟ್ಟೆಗೆ ಮಾತ್ರ ಕನ್ನಡದವರು ಧಾರಾಳವಾಗಿ ಬಣ್ಣ ಬಳಸಿದರು. ಉತ್ತರ ಕರ್ನಾಟಕದ ಕುಲಾವಿ ಕಿವಿ ಮುಚ್ಚಿ ಗದ್ದದ ಕೆಳಗೆ ಕಟ್ಟುವ ಟೊಪ್ಪಿಗೆ. ಕುಂಚಿಗೆ ಅದರ ದೊಡ್ಡಣ್ಣ: ತಲೆಯಿಂದ ಹಿಂದಕ್ಕೆ ಬೆನ್ನು ತುಂಬ ಇಳಿಬೀಳುವ ಬಟ್ಟೆ. ಗುಳೇದಗುಡ್ಡದ ಖಣದಲ್ಲಿ ಅವನ್ನು ಹೊಲಿದು, ಕಸೂತಿ ಹಾಕಿ, ಅಂಚಿಗೆ ಗೊಂಡೆ ಕಟ್ಟುತ್ತಿದ್ದರು. ಕುಬಸಕ್ಕೆಂದು ತಂದ ಖಣದಲ್ಲಿ ಉಳಿದ ತುಂಡು ಕೂಸಿನ ಪಾಲು. ತವರಿನಿಂದ ತೊಟ್ಟಿಲ ಜೊತೆ ಬರುವ ಕುಂಚಿಗೆಯ ಕಸೂತಿ ನೋಡಿ ಬೀಗರ ಮನೆಯವರು ಬಾಣಂತಿಯ ತಾಯಿಯ ಕೈಕೆಲಸಕ್ಕೆ ಮಾರ್ಕು ಹಾಕುತ್ತಿದ್ದರು. ಚಳಿ ತಡೆಯುವುದರ ಜೊತೆಗೆ ಮರ್ಯಾದೆ ಕಾಯುವ ಹೊಣೆಯೂ ಆ ಪುಟ್ಟ ಟೊಪ್ಪಿಗೆಯ ಮೇಲಿತ್ತು.

ಕೌದಿ ಹಾಗಲ್ಲ, ಅದಕ್ಕೆ ಬಿಗುಮಾನವಿಲ್ಲ. ಸುಗ್ಗಿ ಮುಗಿದು ಹೊಲದ ಕೆಲಸ ತೆರಪಾದ ಬೇಸಗೆಯ ಮಧ್ಯಾಹ್ನಗಳಲ್ಲಿ ಚಳಿಗಾಲ ತಯಾರಾಗುತ್ತಿತ್ತು. ಅಜ್ಜನ ಧೋತರ, ಅವ್ವನ ಇಳಕಲ್ ಸೀರೆ, ಚಿಂದಿಯಾದ ಅಂಗಿ, ಕೂಸಿನ ಜಬಲಾ, ಎಲ್ಲವನ್ನೂ ಪದರು ಪದರಾಗಿ ಹಾಸಿ ಸಾಲುಸಾಲಾಗಿ ಟಾಕು ಹಾಕಿದರೆ ಕೌದಿ. ಒಳಗೆ ಹತ್ತಿ ತುಂಬುವ ಮಾತಿಲ್ಲ. ಬಟ್ಟೆಯ ಪದರುಗಳ ನಡುವೆ ಸಿಕ್ಕಿದ ಗಾಳಿಯೇ ಬಿಸುಪು. ಹತ್ತಿರ ಕೂತು ನೋಡಿದರೆ ಟಾಕಿನ ಸಾಲು ಒಂದೇ ಸಮ ಇರುವುದಿಲ್ಲ. ಒಂದು ಕಡೆ ಅಕ್ಕಿಕಾಳಿನಷ್ಟು ಸಣ್ಣದು, ಇನ್ನೊಂದು ಕಡೆ ಅವರೆಕಾಳಿನಷ್ಟು ದೊಡ್ಡದು. ಅಜ್ಜಿ ಎದ್ದು ಹೋದಾಗ ಸೊಸೆ ಕೂತಳು, ಸೊಸೆಯ ಮಗು ಅತ್ತಾಗ ಪಕ್ಕದ ಮನೆಯವಳು ಸೂಜಿ ಹಿಡಿದಳು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿರುವ ಸಿದ್ದಿಯರ ಕೌದಿಗೆ ಬೇರೆಯದೇ ನಡಿಗೆ. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರು ಇವರ ಪೂರ್ವಿಕರಲ್ಲಿದ್ದಾರೆ. ಸಿದ್ದಿ ಹೆಂಗಸು ಅಂಚಿನ ಮೂಲೆಯಿಂದ ಹೊಲಿಗೆ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾಳೆ. ಕೊನೆಗೆ ನಾಲ್ಕು ಮೂಲೆಗೂ ಹೂವಿನ ಹಾಗೆ ಮಡಚಿದ ಬಟ್ಟೆಯ ತುಣುಕು, ಫೂಲಾ. ಅದಿಲ್ಲದ ಕೌದಿ ಬತ್ತಲೆ ಎಂದು ಅವರ ಮಾತು. ಕ್ರೈಸ್ತರ ಮನೆಯ ಕೌದಿಯಲ್ಲಿ ಶಿಲುಬೆ, ಮುಸ್ಲಿಮರ ಮನೆಯದರಲ್ಲಿ ಅರ್ಧಚಂದ್ರ ಕಾಣಿಸುವುದುಂಟು. ತೊಟ್ಟಿಲಿಗೊಂದು ಚಿಕ್ಕದು, ಮಕ್ಕಳು ಸಾಲಾಗಿ ಮಲಗಲು ಒಂದು ದೊಡ್ಡದು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರುವಾಲ್ 2000ದ ದಶಕದಲ್ಲಿ ಇವನ್ನು ಅಧ್ಯಯನ ಮಾಡಿದ ಮೇಲೆ ಸಿದ್ದಿ ಕೌದಿಗಳು ಪರದೇಶದ ಗ್ಯಾಲರಿಗಳ ಗೋಡೆ ಏರಿದವು. ಗೋಡೆಯ ಮೇಲೆ ಅವು ಚೆನ್ನಾಗಿಯೇ ಕಾಣುತ್ತವೆ, ಅದರಲ್ಲಿ ಎರಡು ಮಾತಿಲ್ಲ.

ಒಂದೇ ಕೌದಿಯಡಿ ನಾಲ್ಕು ಮಕ್ಕಳು ಮಲಗಿದರೆ ನಡುವಿನ ಇಬ್ಬರಿಗೆ ಬೆಚ್ಚಗೆ, ಅಂಚಿನ ಇಬ್ಬರಿಗೆ ಜಗಳ. ರಾತ್ರಿ ಯಾರಾದರೂ ಒದ್ದೆ ಮಾಡಿದರೆ ಬೆಳಗ್ಗೆ ಕೌದಿ ಬಿಸಿಲಿಗೆ ಹೋಗಿ ಇಡೀ ಓಣಿಗೆ ಸುದ್ದಿ. ಅದರ ಒಗೆತ ಮಹಾನವಮಿಯ ಮೊದಲು. ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಬಂಡಿಯಲ್ಲಿ ಹೇರಿಕೊಂಡು ಹೊಳೆಗೋ ಕೆರೆಗೋ ಹೋಗುವುದು. ನೀರು ಕುಡಿದ ಕೌದಿಯನ್ನು ಒಬ್ಬರು ಎತ್ತಲಾರರು. ಎರಡೂ ತುದಿಗೆ ಇಬ್ಬಿಬ್ಬರು ನಿಂತು ಎದುರುಬದುರು ತಿರುಚಿ ಹಿಂಡಬೇಕು.

ತಿನ್ನುವ ಮಾತಿಗೆ ಬಂದರೆ ದಕ್ಷಿಣದಲ್ಲಿ ಚಳಿಗಾಲವೆಂದರೆ ಅವರೆ. ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಗಿಡ. ಅದಕ್ಕೇ ಸೊಗಡವರೆಗೂ ಇಬ್ಬನಿಗೂ ಬಿಡದ ನಂಟು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ಹಗಲಿನ ಲೆಕ್ಕ ನೋಡದೆ ಹೂ ಬಿಡುವ ತಳಿಗಳನ್ನು ತಂದ ಮೇಲೆ ಅವರೆ ವರ್ಷವಿಡೀ ಸಿಗುತ್ತದೆ, ಸೊಗಡು ಮಾತ್ರ ಹಳೆಯದಕ್ಕೇ ಎಂದು ಮೂಗು ಮುರಿಯುವವರೂ ಇದ್ದಾರೆ. ರಾತ್ರಿ ನೆನೆಹಾಕಿದ ಕಾಳನ್ನು ಬೆಳಗ್ಗೆ ಹಿದುಕುವುದು ಮಕ್ಕಳ ಪಾಲಿನ ಕೆಲಸ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳಬೇಕು. ಐದು ವರ್ಷದವರ ಕೈಯಲ್ಲಿ ಅದು ತಮ್ಮನ ಹಣೆಗೆ ಬೀಳುತ್ತದೆ. ಉತ್ತರದಲ್ಲಿ ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮೇಲೊಂದು ಬೆಣ್ಣೆ ಮುದ್ದೆ. ಒಣಗಾಳಿಗೆ ಮೈ ಒಡೆಯುವ ಕಾಲಕ್ಕೆ ಎಳ್ಳು, ಬೆಲ್ಲ, ಕೊಬ್ಬರಿ, ಶೇಂಗಾ ಒಟ್ಟಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಸಂಕ್ರಾಂತಿಯ ಸಂಜೆ ಐದು ವರ್ಷದೊಳಗಿನ ಮಕ್ಕಳಿಗೆ ಕರಿ ಎರೆಯುತ್ತಾರೆ. ಕೂಸನ್ನು ಮಣೆಯ ಮೇಲೆ ಕೂರಿಸಿ ಎಲಚಿಹಣ್ಣು, ಕಬ್ಬಿನ ತುಂಡು, ಸಕ್ಕರೆ ಅಚ್ಚು, ಚಿಲ್ಲರೆ ಕಾಸು ಸೇರಿಸಿ ಸೇರಿನಲ್ಲಿ ತುಂಬಿ ತಲೆಯ ಮೇಲಿಂದ ಸುರಿಯುತ್ತಾರೆ. ಕೂತ ಕೂಸಿಗೆ ಅಳು, ಸುತ್ತ ನಿಂತ ಓಣಿಯ ಮಕ್ಕಳಿಗೆ ಬಾಚಿಕೊಳ್ಳುವ ಸಂಭ್ರಮ. ಬೆಳಗಾವಿ, ಧಾರವಾಡದ ಕಡೆ ಕುಸುರೆಳ್ಳಿನ ಸರ, ಬಳೆ ಕಟ್ಟಿ ಮಗುವಿಗೆ ತೊಡಿಸುವುದೂ ಉಂಟು. ಫೋಟೊ ತೆಗೆಯುವಷ್ಟರಲ್ಲಿ ಅರ್ಧ ಬಳೆ ಬಾಯಿ ಸೇರಿರುತ್ತದೆ.

ಇಪ್ಪತ್ತನೇ ಶತಮಾನದಿಂದೀಚೆಗೆ ಈ ಏರ್ಪಾಡು ಒಂದೊಂದಾಗಿ ಕಳಚಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಶಿವನಸಮುದ್ರದ ವಿದ್ಯುತ್ ಬಂದರೂ ಸಾಮಾನ್ಯರ ಬಚ್ಚಲಿಗೆ ಗೀಸರು ಬರಲು ದಶಕಗಳೇ ಬೇಕಾದವು. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡಗಳಲ್ಲಿ ನೆಲೆಯೂರಿದ ಟಿಬೆಟಿಯನ್ನರು ಚಳಿಗಾಲ ಬಂತೆಂದರೆ ಊರೂರಿನ ಫುಟ್‌ಪಾತಿನಲ್ಲಿ ಸ್ವೆಟರ್ ಅಂಗಡಿ ಹಾಕಿದರು. ಹಿಮದ ನಾಡಿನಿಂದ ಬಂದವರು ಬೆಂಗಳೂರಿನ ಮಕ್ಕಳಿಗೆ ಲೂಧಿಯಾನದ ಉಣ್ಣೆ ತೊಡಿಸಿದರು. ಕುಂಚಿಗೆಯ ಜಾಗಕ್ಕೆ ಮಂಕಿ ಕ್ಯಾಪ್ ಬಂತು. 2007ರಲ್ಲಿ ಸರ್ಕಾರ ಹೊಸ ಕಟ್ಟಡಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಮಾಡಿದ ಮೇಲೆ ತಾಮ್ರದ ಹಂಡೆ ಹೋಟೆಲುಗಳ ಬಾಗಿಲಲ್ಲಿ ಹೂಕುಂಡವಾಗಿ ಕೂತಿತು. ಮೋಡ ಕವಿದ ದಿನ ಸೋಲಾರ್ ನೀರು ಉಗುರುಬೆಚ್ಚಗೂ ಬರುವುದಿಲ್ಲ ಅನ್ನುವುದು ಬೇರೆ ಮಾತು.

ಕೌದಿ ಮಾತ್ರ ಪೂರಾ ಹೋಗಿಲ್ಲ. ಹುಬ್ಬಳ್ಳಿ, ಗದಗದ ಓಣಿಗಳಲ್ಲಿ ಈಗಲೂ ಸೂಜಿದಾರದ ಚೀಲ ಹಿಡಿದ ಹೆಂಗಸರು ‘ಕೌದಿ ಹೊಲಸ್ತೀರೇನ್ರೀ ಅಕ್ಕಾರ’ ಎಂದು ಕೂಗುತ್ತ ಬರುತ್ತಾರೆ. ಮನೆಯವರು ಕಪಾಟಿನಿಂದ ಹಳೆ ಬಟ್ಟೆ ತಂದು ಕಟ್ಟೆಯ ಮೇಲೆ ಸುರಿಯುತ್ತಾರೆ. ಹೊಲಿಯುವಾಕೆ ಒಂದೊಂದನ್ನೇ ಬೆರಳ ನಡುವೆ ತಿಕ್ಕಿ ನೋಡುತ್ತಾಳೆ. ಪಾಲಿಯೆಸ್ಟರ್ ಸೀರೆಗಳನ್ನು ಒಂದು ಕಡೆ ತಳ್ಳುತ್ತಾಳೆ. ಅವು ಜಾರುತ್ತವೆ, ಟಾಕು ನಿಲ್ಲುವುದಿಲ್ಲ. ಕೊನೆಗೆ ಅವಳ ಕಡೆ ಉಳಿಯುವುದು ಅಜ್ಜಿಯ ಎರಡು ನೂಲಿನ ಸೀರೆ, ಒಂದು ಪಂಚೆ, ಒಂದು ಹಿಡಿ ಜಬಲಾ. ‘ಇಷ್ಟರಾಗ ದೊಡ್ಡದು ಆಗಂಗಿಲ್ರೀ, ಕೂಸಿಗೊಂದು ಆಗ್ತೈತಿ’ ಅಂದು ಅಳತೆಗೆ ಮೊಣಕೈ ಊರಿ ಪಂಚೆಯನ್ನು ಹಾಸುತ್ತಾಳೆ.